ಹವಳದ ಕಲ್ಲು ಕುದಿಸಬ್ಯಾಡ್ರಿ

ನಮ್ಮ ಕಡೆ ಹವಳ ಅಂದ್ರ ತಾಳಿಯೊಳಗಿನ ಕೆಂಪು ಮಣಿ. ಮರೀನ್ ಟ್ಯಾಂಕಿನ ಹವಳ ಹಂಗಲ್ಲ. ಅದು ಜೀವ ಇರೋ ಪ್ರಾಣಿ, ಕೆಲವಕ್ಕ ವಿಷಾನೂ ಇರ್ತದ. ಹುಬ್ಬಳ್ಳಿ-ಧಾರವಾಡದಾಗ ಮನಿಯೊಳಗ ಉಪ್ಪುನೀರಿನ ಟ್ಯಾಂಕ್ ಇಟ್ಟವರು, ಅದರಾಗೂ ಜೋವಾ, ಪಾಲಿಥೋವಾ ಅನ್ನೋ ಜಾತಿಯ ಹವಳ ಇಟ್ಟವರು ಇದನ್ನ ಪೂರಾ ಓದ್ರಿ.

ಇವುಗಳ ಗುಂಡಿಯಂಥಾ ಪಾಲಿಪ್, ಅಂದ್ರ ಹವಳದ ಒಂದೊಂದು ಸಣ್ಣ ಪ್ರಾಣಿ, ಭಾಳ ಗಟ್ಟಿ ಜೀವ, ಹೊಸಬರಿಗೂ ಬದುಕ್ತಾವ. ಆದ್ರ ಕಲ್ಲಿನ ತುಂಬ ಕಂದು ಪಾಲಿಥೋವಾ ಹಬ್ಬಿತು ಅಂದ್ರ ಕೆಲವರು ಕಲ್ಲು ತಗದು, ಅಡಗಿಮನಿ ಗ್ಯಾಸ್ ಮ್ಯಾಲೆ ದೊಡ್ಡ ಪಾತೇಲಿಯೊಳಗ ಕುದಿಸ್ತಾರ. ಇಲ್ಲಾ ಬಿಸಿನೀರು ಸುರುವಿ ಬ್ರಷ್‌ಲೆ ತಿಕ್ತಾರ. ಇದನ್ನ ಮಾತ್ರ ಮಾಡಲೇಬ್ಯಾಡ್ರಿ. ಇವುಗಳೊಳಗ ಇರಬಹುದಾದ ಪಾಲಿಟಾಕ್ಸಿನ್ ಅನ್ನೋ ವಿಷ ಕುದಿಸಿದ್ರ ಕೆಡೂದಿಲ್ಲ, ಉಗಿಯ ಸಣ್ಣ ಹನಿ ಜೋಡಿ ಗಾಳಿಗೆ ಏರಿ ಮನಿಮಂದಿ ಎಲ್ಲಾರ ಎದಿಗೆ ಇಳಿತದ. ಧಾರವಾಡದ ಮಳಿಗಾಲದಾಗ ಕಿಟಕಿ ಬ್ಯಾರೆ ಮುಚ್ಚಿರ್ತಾವ. ಒಗ್ಗರಣಿಗೆ ಮೆಣಸಿನಕಾಯಿ ಹಾಕಿದ್ರ ಸೀನು ಬಂದು ನಾವೇ ಬಾಗಲಾ ತಗೀತೀವಿ. ಇಲ್ಲೆ ಸೀನು ಬರಲಿಲ್ಲ ಅಂತ ಧೈರ್ಯ ಮಾಡಬ್ಯಾಡ್ರಿ. ಕೆಮ್ಮು, ದಮ್ಮು, ಚಳಿಜ್ವರ, ಬಾಯಾಗ ಕಹಿ, ಮೈಕೈ ನೋವು ಕೆಲವು ತಾಸು ಆದಮ್ಯಾಲೆ ಶುರು ಆಗಬಹುದು.

ಈ ವಿಷ ಮೊದಲು ಬ್ಯಾರೆ ಮಾಡಿದ್ದು ಹವಾಯಿಯ ಪಾಲಿಥೋವಾದಿಂದ, 1971ರ ಹೊತ್ತಿಗೆ. ನಮ್ಮ ಜೀವಕೋಶದ ಪೊರಿಯೊಳಗ ಸೋಡಿಯಂ ಹೊರಗ, ಪೊಟ್ಯಾಸಿಯಂ ಒಳಗ ಮಾಡೋ ಪಂಪ್ ಅದ. ಇದು ಆ ಪಂಪಿಗೆ ಹತ್ತಿ ಅದನ್ನ ತೆರೆದ ಬಾಗಲಾ ಮಾಡಿಬಿಡ್ತದ. ಮಾರುಮದ್ದು ಇಲ್ಲ. ಎಲ್ಲಾ ಜೋವಾದಾಗೂ ಇಷ್ಟು ವಿಷ ಇರೂದಿಲ್ಲ, ಖರೆ. ಆದ್ರ ಬಣ್ಣ ನೋಡಿ ಇದರಾಗ ಅದ, ಇದರಾಗ ಇಲ್ಲ ಅಂತ ಮನಿಯೊಳಗ ಹೇಳಲಿಕ್ಕೆ ಬರೂದಿಲ್ಲ.

ಹಬ್ಬಿದ ಹವಳ ಕತ್ತರಿಸೋದು ಇದ್ರ ಕಲ್ಲನ್ನ ಟ್ಯಾಂಕಿನಿಂದ ಹೊರಗ ತಗೀರಿ. ಅಗಲ ಬೋಗುಣಿಗೆ ಟ್ಯಾಂಕಿನ ನೀರು ಹಾಕಿ, ಕಲ್ಲು ಪೂರ್ತಿ ಮುಳುಗಿಸಿಟ್ಟು ನೀರಿನೊಳಗ ಕತ್ತರಿಸ್ರಿ. ಬೆರಳು ಹತ್ರ ಬಂದ್ರ ಸಾಕು, ಪಾಲಿಪ್ ತನ್ನ ಎಳಿ ಎಲ್ಲಾ ಒಳಗ ಎಳಕೊಂಡು ಗುಂಡಿ ಆಗ್ತದ. ಆಗ ಒತ್ತಿದ್ರ ಬಾಯಿಂದ ಸಣ್ಣ ಪಿಚಕಾರಿಗತೆ ನೀರು ಹಾರ್ತದ, ನೆಟ್ಟಗ ಕಣ್ಣಿಗೆ. ಓದೋ ಚಾಳೀಸು ಇದಕ್ಕ ಸಾಲೂದಿಲ್ಲ, ಸುತ್ತಲೂ ಮುಚ್ಚೋ ಗಾಗಲ್ಸ್ ಬೇಕು. ಕೈಗೆ ನೈಟ್ರೈಲ್ ಗ್ಲೌಸ್ ಎರಡು ಪದರ. ಪಾಲಿಪ್ ಮ್ಯಾಲೆ ಕತ್ತರಿ ಇಡಬ್ಯಾಡ್ರಿ, ಎರಡು ಪಾಲಿಪ್ ನಡುವಿನ ತೊಗಲಿನ ಮ್ಯಾಲೆ ಇಡ್ರಿ. ಕಲ್ಲು ಒಡಿಯೋದಿದ್ರ ಬೋನ್ ಕಟರ್ ಬಳಸ್ರಿ, ತಿರುಗೋ ಗ್ರೈಂಡರ್ ಬ್ಯಾಡ.

ಕೆಲಸ ಮುಗಿದಮ್ಯಾಲೆ ಮನಿ ಬ್ಲೀಚ್ 1 ಲೋಟಕ್ಕ 9 ಲೋಟ ನೀರು ಕೂಡಿಸಿ, ಕತ್ತರಿ, ಬೋಗುಣಿ ಎಲ್ಲಾ ಅದರಾಗ 30 ನಿಮಿಷ ನೆನಸ್ರಿ. ಬ್ಲೀಚಿಗೆ ಬಚ್ಚಲಾ ತೊಳಿಯೋ ಆಸಿಡ್ ತಾಗಿಸಬ್ಯಾಡ್ರಿ, ಕ್ಲೋರಿನ್ ಗಾಳಿ ಏಳ್ತದ. ಟ್ಯಾಂಕಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ (ನೀರು ಸೋಸೋ ಇದ್ದಲಿ) ಹಾಕ್ರಿ. ಆ ಬೋಗುಣಿ ಮತ್ತ ಅಡಗಿಮನಿಗೆ ಹೋಗಬಾರದು, ಭಾಂಡೆ ತಿಕ್ಕೋ ಅಕ್ಕಾರ ಕೈಗೂ ಸಿಗಬಾರದು.

ನೀರು ಬದಲಿಸುವಾಗ ಪೈಪ್ ಬಾಯಿಲೆ ಎಳಿಯೋ ಚಟ ನಮ್ಮಲ್ಲಿ ಭಾಳ. ಟ್ಯಾಂಕಿನ ನೀರು ಬಾಯಿಗೆ ಹೋಗಬಾರದು, ಕೈಪಂಪಿನ ಸೈಫನ್ ತಗೋರಿ.

ಗಟ್ಟಿ ಹವಳ ಕೊಳ್ಳೋ ಮೊದಲು ಕಾನೂನೂ ನೋಡ್ರಿ: ನಮ್ಮ ಸಮುದ್ರದ ಗಟ್ಟಿ ಹವಳಕ್ಕ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದ.

ಕಣ್ಣಿಗೆ ಹಾರಿದ್ರ ಕನಿಷ್ಠ 15 ನಿಮಿಷ ಸ್ವಚ್ಛ ನೀರಿನಿಂದ ತೊಳದು, ಅದೇ ದಿನ ಕಣ್ಣಿನ ಡಾಕ್ಟರ್ ಕಡೆ ಹೋಗ್ರಿ. ದಮ್ಮು ಬಂದ್ರ ಎಲ್ಲಾರೂ ಮನಿ ಬಿಟ್ಟು ಹೊರಗ ಬರ್ರಿ, ದವಾಖಾನಿಯೊಳಗ "ಪಾಲಿಟಾಕ್ಸಿನ್" ಅಂತ ಚೀಟಿಯೊಳಗ ಬರದು ತೋರಿಸ್ರಿ. ಇನ್ನೊಂದು ಮರೀಬ್ಯಾಡ್ರಿ: ಬೆರಳಿಗೆ ಕಲ್ಲು ತರಚಿ, ಕೆಲವು ವಾರ ಆದಮ್ಯಾಲೆ ವಾಸಿ ಆಗದ ಗಂಟು ಎದ್ರ ಅದು ಮೈಕೋಬ್ಯಾಕ್ಟೀರಿಯಂ ಮರೀನಂ ಇರಬಹುದು. ಆ ಕೀಟಾಣು ಲ್ಯಾಬಿನ 37 ಡಿಗ್ರಿಯೊಳಗ ಸರಿಯಾಗಿ ಬೆಳಿಯೂದಿಲ್ಲ, ಸುಮಾರು 30 ಡಿಗ್ರಿ ಬೇಕು. ಮನಿಯೊಳಗ ಮೀನಿನ ಟ್ಯಾಂಕ್ ಅದ ಅಂತ ನೀವೇ ಹೇಳದಿದ್ರ ಡಾಕ್ಟರ್ ಅದನ್ನ ಹುಡುಕೂದೇ ಇಲ್ಲ.