ಪ್ರಿಯ ವಾರ್ ಅವರೇ

ನಮ್ಮ ದೊಡ್ಡಪ್ಪ ಮೂವತ್ತೆಂಟು ವರ್ಷ ಮೇಷ್ಟ್ರಾಗಿದ್ದವರು. ಕಾಗದ ಬಂದರೆ ಅದೇ ದಿನ ಉತ್ತರ ಬರೆಯಬೇಕು, ಇಲ್ಲದಿದ್ದರೆ ಬರೆದವರಿಗೆ ಅವಮಾನ ಎನ್ನುವ ಕಾಲದ ಮನುಷ್ಯ. ಕಾರ್ಡಿನ ನೆತ್ತಿಯ ಮೇಲೆ ‘ಕ್ಷೇಮ’ ಎಂದು ಬರೆದು, ‘ಉಭಯಕುಶಲೋಪರಿ’ ಮುಗಿಸಿ ವಿಷಯಕ್ಕೆ ಬರುವಷ್ಟರಲ್ಲಿ ಅರ್ಧ ಕಾರ್ಡು ತುಂಬಿರುತ್ತಿತ್ತು. ಇಂಥವರ ಕೈಗೆ ಮೊಬೈಲು ಕೊಟ್ಟ ತಪ್ಪು ನಮ್ಮದೇ.

ಕಳೆದ ವರ್ಷ ದಾವಣಗೆರೆಯ ಮಂಡಿಪೇಟೆ ಕಡೆ ಒಂದು ಚಪ್ಪಲಿ ಅಂಗಡಿಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಚಪ್ಪಲಿ ಆರಿಸಲು ಐದು ನಿಮಿಷ, ಬಿಲ್ಲಿಗೆ ಹದಿನೈದು ನಿಮಿಷ.

‘ನಂಬರ್ ಹೇಳಿ ಸರ್’ ಎಂದ ಹುಡುಗ.

‘ಎಂಟು’ ಎಂದರು ದೊಡ್ಡಪ್ಪ.

‘ಕಾಲಿಂದಲ್ಲ ಸರ್, ಮೊಬೈಲಿಂದು.’

‘ಚಪ್ಪಲಿಗೂ ಮೊಬೈಲಿಗೂ ಏನಪ್ಪಾ ಸಂಬಂಧ?’

‘ನಂಬರ್ ಹಾಕ್ದಿದ್ರೆ ಸಿಸ್ಟಮ್ ಮುಂದಕ್ಕೆ ಹೋಗಲ್ಲ ಸರ್.’

ಮೊಬೈಲ್ ನಂಬರಿಗಾಗಿ ಗಿರಾಕಿಗಳನ್ನು ಪೀಡಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಹೇಳಿದೆ. ಸಿಸ್ಟಮ್ಮಿಗೆ ಇನ್ನೂ ಯಾರೂ ಹೇಳಿದಂತಿಲ್ಲ. ದೊಡ್ಡಪ್ಪ ಹತ್ತೂ ಅಂಕಿಗಳನ್ನು, ಕೇಳಿದ್ದಕ್ಕೆ ಹುಟ್ಟಿದ ದಿನವನ್ನೂ, ಮಗ್ಗಿ ಒಪ್ಪಿಸಿದ ಹಾಗೆ ಹೇಳಿದರು. ಸಿಸ್ಟಮ್ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆಂದರೆ, ನಾವು ಮನೆ ಮುಟ್ಟುವ ಮೊದಲೇ ಮೆಸೇಜು ಮನೆ ಮುಟ್ಟಿತ್ತು.

‘ಪ್ರಿಯ ಗ್ರಾಹಕರೇ’ ಎಂದು ಶುರುವಾಗಿದ್ದಕ್ಕೆ ದೊಡ್ಡಪ್ಪನಿಗೆ ಖುಷಿಯೋ ಖುಷಿ. ಆ ಎರಡು ಪದಕ್ಕೆ ಅಂಗಡಿಯವರು ಎಷ್ಟು ತ್ಯಾಗ ಮಾಡಿದ್ದಾರೆಂದು ಅವರಿಗೇನು ಗೊತ್ತು! ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರದ ಜಾಗ, ಕನ್ನಡಕ್ಕೆ 70. ನಾವು ಎಣಿಸಿದರೆ ‘ಪ್ರಿಯ ಗ್ರಾಹಕರೇ’ ಆರೇ ಅಕ್ಷರ. ಯಂತ್ರದ ಲೆಕ್ಕ ಬೇರೆ. ಗುಡಿಸು, ದೀರ್ಘ, ಏತ್ವ, ಒತ್ತು ಎಲ್ಲವನ್ನೂ ಬಿಚ್ಚಿ, ನಡುವಿನ ಖಾಲಿ ಜಾಗಕ್ಕೂ ಬಾಡಿಗೆ ಹಿಡಿದು ಹದಿನಾಲ್ಕು ಮಾಡುತ್ತದೆ. ಪ್ರೀತಿ ತೋರಿಸುವಷ್ಟರಲ್ಲೇ ಐದರಲ್ಲಿ ಒಂದು ಪಾಲು ಖಲಾಸ್. ಹಾಗಾಗಿ ಅಂಗಡಿಯವರು ಎರಡನೇ ಮೆಸೇಜಿನಿಂದ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯತೊಡಗಿದರು. ‘ನಿಮ್ಮ ಕಾಲಿಗೆ ಹೊಸ ಕೊಡುಗೆ’ ಎಂಬುದನ್ನು ದೊಡ್ಡಪ್ಪ ‘ನಿಮ್ಮ ಕಲಿಗೆ’ ಎಂದು ಓದಿ, ‘ಇದು ಯಾವ ಕಲಿ? ಕಲಿಪುರುಷನಾ?’ ಎಂದರು. ಇರಬಹುದು ಎಂದೆ.

ಮೂರನೆಯದು ಬಂತು ನೋಡಿ: ‘ಪ್ರಿಯ ವಾರ್, ಜನ್ಮದಿನದ ಶುಭಾಶಯಗಳು.’ ವಾರ್ ಪದದ ಆಚೆ ಈಚೆ ಒಂದೊಂದು ಹ್ಯಾಷ್ ಗುರುತು, ಅದರಾಚೆ ಕಾವಲಿಗೆ ಆವರಣ.

‘ಯಾರೋ ಈ ವಾರ್?’

ವಿವರಿಸಿದೆ. ವ್ಯಾಪಾರಿಗಳು ಕಳಿಸುವ ಮೆಸೇಜಿನ ಒಕ್ಕಣೆಯನ್ನು ಮೊದಲೇ ಟೆಲಿಕಾಂ ಕಂಪನಿಯವರ ಬಳಿ ನೋಂದಾಯಿಸಿರಬೇಕು. ಲಗ್ನಪತ್ರಿಕೆ ಅಚ್ಚು ಹಾಕಿಸಿ, ಕರೆಯುವವರ ಹೆಸರಿಗೆ ಜಾಗ ಬಿಡುವುದಿಲ್ಲವೇ, ಹಾಗೆ. ಆ ಖಾಲಿ ಜಾಗದ ಹೆಸರು ವಾರ್. ತುಂಬುವವನು ಮರೆತಿದ್ದಾನೆ. ಕರೆಯೋಲೆಯಲ್ಲಿ ಹೆಸರು ಬರೆಯಲು ಮರೆತವರ ಮದುವೆಗೆ ದೊಡ್ಡಪ್ಪ ಇದುವರೆಗೆ ಹೋದವರಲ್ಲ. ಆದರೂ ಹುಟ್ಟಿದ ದಿನ ನೆನಪಿಟ್ಟುಕೊಂಡಿದ್ದು ಈ ಅಂಗಡಿಯೊಂದೇ. ನಮಗ್ಯಾರಿಗೂ ನೆನಪಿರಲಿಲ್ಲ, ಅದನ್ನಿಲ್ಲಿ ಒತ್ತಿ ಹೇಳುವುದು ಬೇಡ.

ಅದೇ ದಿನ ಕೂತು ಉತ್ತರ ಟೈಪು ಮಾಡಿದರು. ‘ಕ್ಷೇಮ. ತಮ್ಮ ಶುಭಾಶಯ ತಲುಪಿತು. ಆದರೆ ತಮ್ಮಲ್ಲಿ ಕೊಂಡ ಚಪ್ಪಲಿಯ ಎಡಗಾಲಿನ ಉಂಗುಷ್ಠ ಮೂರೇ ತಿಂಗಳಿಗೆ ಕಿತ್ತುಬಂದಿದೆ.’ ಹೋಗಲಿಲ್ಲ. ಮತ್ತೆ ಒತ್ತಿದರು. ಹೋಗಲಿಲ್ಲ. ಕಳಿಸಿದವರ ಜಾಗದಲ್ಲಿ ನಂಬರೇ ಇಲ್ಲ, ಅಡ್ಡಗೆರೆಗಳ ನಡುವೆ ಒಂದಷ್ಟು ಇಂಗ್ಲಿಷ್ ಅಕ್ಷರಗಳು. 2025ರಿಂದ ಅದಕ್ಕೊಂದು ಬಾಲವೂ ಬಂದಿದೆ: ‘ಪಿ’ ಇದ್ದರೆ ಪ್ರಚಾರ, ‘ಎಸ್’ ಸೇವೆ, ‘ಟಿ’ ವಹಿವಾಟು, ‘ಜಿ’ ಸರ್ಕಾರ. ಬಾಲ ನೋಡಿ ಪ್ರಾಣಿ ಯಾವುದೆಂದು ತಿಳಿಯಬಹುದು, ಅದರ ಕಿವಿ ಎಲ್ಲಿದೆಯೆಂದು ತಿಳಿಯುವುದಿಲ್ಲ.

‘ಹಾಗಾದ್ರೆ ಬರೋದನ್ನಾದ್ರೂ ನಿಲ್ಲಿಸು’ ಎಂದರು. ಅದಕ್ಕೂ ದಾರಿಯಿದೆ. 1909ಕ್ಕೆ ಮೆಸೇಜು ಕಳಿಸಬೇಕು. ಮೆಸೇಜು ಬೇಡ ಎನ್ನಲು ಮೆಸೇಜು. ಏನೆಂದು ಕಳಿಸಬೇಕು? ‘ಸ್ಟಾರ್ಟ್ 0’ ಎಂದು. ನಿಲ್ಲಿಸಲು ‘ಶುರು ಮಾಡು’ ಎನ್ನಬೇಕು. ವ್ಯಾಕರಣದ ಮೇಷ್ಟ್ರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಒಂದು ಸಂಜೆ ಹಿಡಿಯಿತು. ಇಷ್ಟಾದ ಮೇಲೂ ಪ್ರಚಾರ ಮಾತ್ರ ನಿಲ್ಲಬೇಕು, ‘ಸೇವೆ’ ನಿಲ್ಲುವುದಿಲ್ಲ. ಸೇವೆಯಿಂದ ತಪ್ಪಿಸಿಕೊಂಡ ಗಿರಾಕಿ ಈ ದೇಶದಲ್ಲಿ ಉಂಟೇ?

ಹಾಗೆಂದು ಯಾರೂ ಕಡಿವಾಣ ಹಾಕಲಿಲ್ಲ ಎನ್ನುವಂತಿಲ್ಲ. 2021ರ ಮಾರ್ಚ್ 8ರಂದು ಟೆಲಿಕಾಂ ಕಂಪನಿಯವರು ನೋಂದಣಿಯಾಗದ ಒಕ್ಕಣೆಗಳನ್ನು ಸೋಸಲು ಜರಡಿ ಹಿಡಿದರು. ಬ್ಯಾಂಕಿನ ಒಟಿಪಿಗಳೇ ಜರಡಿಯಲ್ಲಿ ಸಿಕ್ಕಿಬಿದ್ದವು. ದುಡ್ಡು ಕಳಿಸಲು ಕೂತವರು ಫೋನು ಹಿಡಿದು ಕಾದದ್ದೇ ಬಂತು. ಮರುದಿನ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ಜರಡಿಯನ್ನು ಒಂದು ವಾರದ ಮಟ್ಟಿಗೆ ಮೂಲೆಗಿಟ್ಟಿತು. ಹೊಟ್ಟು ಹಾರಿಸಲು ಹೋಗಿ ಕಾಳು ಹಾರಿಸುವುದೆಂದರೆ ಇದೇ.

ಕೊನೆಗೆ ದೊಡ್ಡಪ್ಪ ತಮಗೆ ಗೊತ್ತಿದ್ದ ದಾರಿ ಹಿಡಿದರು. ಟ್ರಂಕಿನಲ್ಲಿದ್ದ ಐವತ್ತು ಪೈಸೆಯ ಕಾರ್ಡು ತೆಗೆದು, ಬಿಲ್ಲಿನ ಮೇಲಿದ್ದ ವಿಳಾಸಕ್ಕೆ ಬರೆದರು. ಕ್ಷೇಮ, ಉಭಯಕುಶಲೋಪರಿ, ಶುಭಾಶಯಕ್ಕೆ ವಂದನೆ, ಕೊನೆಯ ಎರಡು ಸಾಲಿನಲ್ಲಿ ಉಂಗುಷ್ಠ. ಕೆಳಗೆ ‘ಇಂತಿ ತಮ್ಮ ಪ್ರಿಯ ಗ್ರಾಹಕ’ ಎಂದು ಸಹಿ.

ಹನ್ನೆರಡನೇ ದಿನ ಕಾರ್ಡು ವಾಪಸು ಬಂತು. ವಿಳಾಸದ ಮೇಲೆ ಅಡ್ಡಗೆರೆ ಎಳೆದು ಪೋಸ್ಟ್‌ಮ್ಯಾನ್ ನೀಲಿ ಪೆನ್ನಿನಲ್ಲಿ ಬರೆದಿದ್ದ: ‘ಅಂಗಡಿ ಮುಚ್ಚಿ ನಾಲ್ಕು ತಿಂಗಳಾಯಿತು.’

ದೊಡ್ಡಪ್ಪ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಅಷ್ಟರಲ್ಲಿ ಕಿಟಕಿಯ ಮೇಲಿದ್ದ ಮೊಬೈಲು ಟಿಣ್ ಎಂದಿತು.

‘ಪ್ರಿಯ ವಾರ್, ನಿಮ್ಮನ್ನು ನೋಡಿ ಬಹಳ ದಿನವಾಯಿತು. ಇಂದೇ ಅಂಗಡಿಗೆ ಬನ್ನಿ.’