ಮಾವ, ಮಿರ್ಚಿ ಮತ್ತು ಎರಡನೇ ಕೀಲಿ

ಭಾನುವಾರ ಸಿನಿಮಾ ನೋಡಿ ಬಂದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚ. ಟಿಕೆಟ್ ಕೊಂಡದ್ದು ನಿಜ, ಕತ್ತಲಲ್ಲಿ ಕುಳಿತದ್ದೂ ನಿಜ. ನೋಡಲು ಬಿಟ್ಟರೆ ತಾನೇ? ಪಕ್ಕದಲ್ಲಿ ಸೋದರಮಾವ ಇದ್ದರು.

ಮಾವ ದಾವಣಗೆರೆಯ ಬ್ಯಾಂಕೊಂದರಲ್ಲಿ ಹೆಡ್ ಕ್ಯಾಷಿಯರ್ ಆಗಿ ನಿವೃತ್ತರಾದವರು. ಅಂಥವರು ಬ್ಯಾಂಕ್ ದರೋಡೆಯ ಸಿನಿಮಾಕ್ಕೆ ಹೊರಟರೆಂದರೆ ಅದು ಮನರಂಜನೆಗಲ್ಲ, ತಪಾಸಣೆಗೆ. ಹೊರಡುವ ಮೊದಲೇ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದೆ. ‘ಅದಕ್ಕೇ ನೀನು ಅಂಗಿಯೊಳಗೆ ಇಟ್ಟುಕೊ. ಈ ವಯಸ್ಸಿನಲ್ಲಿ ನಾನು ಸಿಕ್ಕಿಬಿದ್ದರೆ ಮರ್ಯಾದೆ ಏನಾಗಬೇಕು?’ ಎಂದರು. ಒಲ್ಲೆ ಎನ್ನಲಾಗಲಿಲ್ಲ; ಅಮ್ಮನಿಗೆ ಫೋನ್ ಮಾಡುವ ಬೆದರಿಕೆ ಅವರ ಜೇಬಿನಲ್ಲಿ ಸದಾ ಸಿದ್ಧವಿರುತ್ತದೆ. ಬಿಸಿ ಮಿರ್ಚಿ ಹೊಟ್ಟೆ ಸುಡುತ್ತಿರಲು, ಎಣ್ಣೆ ಅಂಗಿಗೆ ಇಳಿಯುತ್ತಿರಲು, ಕಾವಲುಗಾರನ ಎದುರು ಕೈಯೆತ್ತಿ ನಿಂತೆ. ಅವನು ಮೂಸಿದ, ನಕ್ಕ, ಬಿಟ್ಟ.

ಸಿನಿಮಾದ ನಾಯಕನೂ ನನ್ನಂಥವನೇ ಬಡಪಾಯಿ. ಬ್ಯಾಂಕಿನ ಗುಮಾಸ್ತ. ಕಳ್ಳರು ಅವನ ಮಗಳನ್ನು ಹಿಡಿದಿಟ್ಟುಕೊಂಡು, ಬೆಳಗಾಗುವುದರೊಳಗೆ ತಿಜೋರಿ ತೆರೆಯಬೇಕು ಎನ್ನುತ್ತಾರೆ. ಕೀಲಿ ಹಿಡಿದ ಅವನ ಕೈ ನಡುಗುತ್ತದೆ. ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿದಿದೆ.

‘ಎರಡನೇ ಕೀಲಿ ಎಲ್ಲಿ?’ ಎಂದರು ಮಾವ.

ಪಿಸುಮಾತಿನಲ್ಲಲ್ಲ. ಕೌಂಟರಿನ ಆಚೆ ನಿಂತ ಗಿರಾಕಿಗೆ ಕೇಳಿಸುವ ದನಿಯಲ್ಲಿ. ತಿಜೋರಿಯನ್ನು ಒಬ್ಬನೇ ತೆರೆಯುವಂತಿಲ್ಲ, ಒಂದು ಕೀಲಿ ಮ್ಯಾನೇಜರ್ ಬಳಿ, ಇನ್ನೊಂದು ಕ್ಯಾಷಿಯರ್ ಬಳಿ, ಇಬ್ಬರೂ ಇದ್ದರೆ ಮಾತ್ರ ಬಾಗಿಲು. ನಾಯಕ ಅಳುತ್ತಿದ್ದ, ಮಾವ ಮಿರ್ಚಿ ಕಚ್ಚುತ್ತಾ ‘ರಿಜಿಸ್ಟರಿನಲ್ಲಿ ಸಹಿ ಮಾಡಲಿಲ್ಲ’ ಎಂದರು. ಖಳನಾಯಕ ಪಿಸ್ತೂಲು ಎತ್ತಿದ. ‘ಗುಮಾಸ್ತನಿಗೆ ಕೀಲಿ ಕೊಟ್ಟ ಮ್ಯಾನೇಜರನನ್ನು ಮೊದಲು ಸಸ್ಪೆಂಡ್ ಮಾಡಬೇಕು’ ಎಂದರು. ಸುಮ್ಮನಿರಿ ಎಂದು ಯಾರಾದರೂ ಗದರುತ್ತಾರೆಂದು ನಾನು ಕಾದೆ. ಮುಂದಿನ ಸಾಲಿನ ಹುಡುಗ ಹಿಂದೆ ತಿರುಗಿ, ‘ಹಾಗಾದರೆ ನ್ಯಾಮತಿಯಲ್ಲಿ ಹೇಗೆ ತೆಗೆದರು ಸಾರ್?’ ಎಂದು ಕೇಳಬೇಕೇ!

ಅಷ್ಟು ಸಾಕಾಯಿತು. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಬ್ಯಾಂಕಿನಿಂದ 17 ಕಿಲೋಗೂ ಹೆಚ್ಚು ಚಿನ್ನ ಹೋದದ್ದು ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಕಿಟಕಿಯ ಸರಳು ತೆಗೆದದ್ದು, ಗ್ಯಾಸ್ ಕಟರ್, ನಾಯಿಗೆ ವಾಸನೆ ಸಿಗದಂತೆ ಚೆಲ್ಲಿದ ಖಾರದ ಪುಡಿ, ಮರುವರ್ಷ ತಮಿಳುನಾಡಿನ ಬಾವಿಯಲ್ಲಿ ಚಿನ್ನ ಸಿಕ್ಕದ್ದು, ಎಲ್ಲವನ್ನೂ ಮಾವ ಬಿಡಿಸಿ ಹೇಳಿದರು. ಅಕ್ಕಪಕ್ಕದವರು ಪರದೆ ಬಿಟ್ಟು ಇತ್ತ ವಾಲಿದರು. ಮಂಡಕ್ಕಿ ಪೊಟ್ಟಣ ಕೈಯಿಂದ ಕೈಗೆ ಹೋಯಿತು. ಹೊಟ್ಟೆ ಸುಟ್ಟುಕೊಂಡು ಅದನ್ನು ಒಳಗೆ ತಂದವನಿಗೆ ಒಂದು ಮುಷ್ಟಿಯೂ ಉಳಿಯಲಿಲ್ಲ.

ಮಧ್ಯಂತರದಲ್ಲಿ ಸಿಟ್ಟಿನಿಂದಲೇ ಕೇಳಿದೆ: ‘ನಿಮ್ಮ ಮಗಳನ್ನು ಹಿಡಿದಿಟ್ಟುಕೊಂಡಿದ್ದರೆ ನೀವೇನು ಮಾಡುತ್ತಿದ್ದಿರಿ?’

ಮಾವ ಕರವಸ್ತ್ರದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ‘ಕೀಲಿ ನನ್ನ ಬಳಿ ಇದ್ದಷ್ಟು ವರ್ಷ ಮದುವೆಗೆ ಹೋದರೂ ರಾತ್ರಿ ಉಳಿದವನಲ್ಲ. ಬಾಗಿಲು ಬಡಿದರೆ ನಿಮ್ಮತ್ತೆ ಕಿಟಕಿಯಲ್ಲಿ ನೋಡಿಯೇ ತೆಗೆಯುತ್ತಿದ್ದಳು’ ಎಂದರು. ಅವರ ಸೊಂಟದಲ್ಲಿ ತೂಗುತ್ತಿದ್ದ ಆ ಕೀಲಿಯ ದಾರ ನನಗೆ ನೆನಪಿದೆ. ಚಿಕ್ಕವನಿದ್ದಾಗ ಎಳೆಯಲು ಹೋಗಿ ಏಟು ತಿಂದಿದ್ದೆ. ನನ್ನ ಸಿಟ್ಟು ಅರ್ಧ ಇಳಿಯಿತು.

ಇಳಿದ ಅರ್ಧವನ್ನು ಅವರೇ ಮರಳಿ ಏರಿಸಿದರು. ಕೊನೆಯ ದೃಶ್ಯದಲ್ಲಿ ನಾಯಕ ಮಳೆಯಲ್ಲಿ ಓಡುತ್ತಿದ್ದಾಗ ಎದ್ದು ನಿಂತು, ನಷ್ಟ ಯಾರ ಖಾತೆಗೆ ಬರೆಯುತ್ತಾರೆ ಎಂದು ಆ ಹುಡುಗನಿಗೆ ವಿವರಿಸತೊಡಗಿದರು. ಪರದೆ ಪೂರ್ತಿ ಅವರ ಬೆನ್ನು.

ಹೊರಗೆ ಬಂದ ಮೇಲೆ, ಮಗು ಕೊನೆಗೆ ಸಿಕ್ಕಿತೇ ಎಂದು ಅವರನ್ನೇ ಕೇಳಿದೆ.

‘ಯಾವ ಮಗು?’ ಎಂದರು.