ಸ್ಪಷ್ಟನೆ: ನಂಬಿಕೆಯೋ ಕ್ರಿಯೆಯೋ ಎಂಬ ಆ ಸಂದೇಶದ ಬಗ್ಗೆ

ಕಾರವಾರದ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕೆಥೊಲಿಕರು ಒಳ್ಳೆಯ ಕೆಲಸ ಮಾಡಿ ಸ್ವರ್ಗ ಗಳಿಸುತ್ತಾರೆ. ಪ್ರೊಟೆಸ್ಟೆಂಟರಿಗೆ ನಂಬಿದರೆ ಸಾಕು, ಹೇಗೆ ಬದುಕಿದರೂ ನಡೆಯುತ್ತದೆ.’ ಎರಡೂ ತಪ್ಪು.

ನಂಬಿಕೆಯೊಂದರಿಂದಲೇ ಮನುಷ್ಯ ನೀತಿವಂತನಾಗುತ್ತಾನೆ, ಎಂದರೆ ದೇವರಿಗೆ ಒಪ್ಪಿತನಾಗುತ್ತಾನೆ, ಎಂಬ ಪ್ರೊಟೆಸ್ಟೆಂಟ್ ಸುಧಾರಕ ಲೂಥರನ ವಾದಕ್ಕೆ ಉತ್ತರವಾಗಿ ಕೆಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಹೊರಡಿಸಿದ ವಿಧಿಗಳಲ್ಲಿ ಮೊದಲನೆಯದನ್ನೇ ನೋಡಿ. ಕ್ರಿಸ್ತನ ಕೃಪೆಯಿಲ್ಲದೆ ಬರೀ ಸ್ವಂತ ಕ್ರಿಯೆಗಳಿಂದ ಮನುಷ್ಯ ನೀತಿವಂತನಾಗಬಲ್ಲ ಎನ್ನುವವರನ್ನು ಅದು ಖಂಡಿಸುತ್ತದೆ. ಇತ್ತ ಲೂಥರನೂ, ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ತಾನು ಬರೆದ ಮುನ್ನುಡಿಯಲ್ಲಿ, ನಂಬಿಕೆ ಜೀವಂತ ವಸ್ತು, ಒಳ್ಳೆಯದನ್ನು ಮಾಡದೆ ಅದು ಸುಮ್ಮನಿರಲಾರದು ಎಂದಿದ್ದ.

ಸಂದೇಶದಲ್ಲಿ ಬೈಬಲಿನ ಯಾಕೋಬನ ಪತ್ರದ 2:24 ಮಾತ್ರ ಇದೆ: ಮನುಷ್ಯ ನೀತಿವಂತನೆನಿಸುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ. ಅದಕ್ಕಿಂತ ಮೇಲಿನ 15, 16ನೇ ವಚನಗಳನ್ನು, ಹಸಿದವರಿಗೆ ಬರೀ ಮಾತು ಹೇಳಿ ಕಳಿಸುವುದರ ಬಗೆಗಿನವನ್ನು, ಯಾರೂ ಫಾರ್ವರ್ಡ್ ಮಾಡುವುದಿಲ್ಲ! ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿಬಿದ್ದಿವೆ, ಪಕ್ಕದ ಮನೆಯಾಕೆ ಅಕ್ಕಿ ಕೇಳಲು ಬಂದಿದ್ದಾಳೆ ಎಂದುಕೊಳ್ಳಿ. ‘ದೇವರು ನೋಡ್ಕೊಳ್ತಾನೆ, ಹೋಗಿ ಬಾ ತಂಗಿ’ ಎಂದು ಬಾಗಿಲು ಹಾಕಿಕೊಂಡರೆ? ಯಾಕೋಬ ಸತ್ತದ್ದು ಎನ್ನುವುದು ಈ ಬಗೆಯ ನಂಬಿಕೆಯನ್ನು. ಪೌಲ ತಳ್ಳಿಹಾಕುವುದು ಕ್ರಿಯೆಗಳನ್ನು ತೋರಿಸಿ ದೇವರಲ್ಲಿ ಹಕ್ಕು ಸಾಧಿಸುವುದನ್ನು. ಇಬ್ಬರ ತಕರಾರೂ ಬೇರೆ ಬೇರೆ.

ಭಿನ್ನಾಭಿಪ್ರಾಯವೇ ಇಲ್ಲ ಎನ್ನುತ್ತಿಲ್ಲ. ನೀತಿವಂತಿಕೆ ಎಂದರೆ ದೇವರ ತೀರ್ಪು ಮಾತ್ರವೋ, ಒಳಗಿನ ಬದಲಾವಣೆಯೂ ಹೌದೋ ಎಂಬ ಚರ್ಚೆ ಇನ್ನೂ ಇದೆ. ಆದರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕೆಥೊಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ಒಳ್ಳೆಯ ಕೆಲಸಗಳು ಅದರ ಫಲ. 2006ರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡವಾದ ಮೆಥೊಡಿಸ್ಟರೂ ಜೊತೆಗೂಡಿದರು.